ಊಟಿಗೆ ಹೋಗ್ತೀರಾ? ಹಳೆ ಗುಲಾಬಿಗಳನ್ನೂ ಹುಡುಕಿ ಬನ್ನಿ

ಊಟಿಯ ರೋಸ್ ಗಾರ್ಡನ್‌ಗೆ ಹೋದವರು ದೊಡ್ಡ ಹೂವಿನ ಪಕ್ಕ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾವು ಹೋಗಿದ್ದು ಅಜ್ಜಿಯರ ಕಾಲದ ಪನ್ನೀರು ಗುಲಾಬಿಯಂಥ ಹಳೆ ಗಿಡಗಳನ್ನು ನೋಡೋಕೆ, ಅವು ಎಲ್ಲಿಂದ ಬಂದವು ಅಂತ ತಿಳಿಯೋಕೆ. ಅದೇ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿ. ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು, ಊಟಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. ಸ್ವಂತ ಗಾಡಿಯಾದರೆ ನೀಲಗಿರಿ ಜಿಲ್ಲೆಗೆ ಹೋಗಲು ಬೇಕಾದ ಇ-ಪಾಸ್ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ ನೀಲಗಿರಿಯಲ್ಲಿ ನಿಷೇಧವಿದೆ, ಸ್ಟೀಲ್ ಬಾಟಲಿ ಇರಲಿ. ಹೂ ಜಾಸ್ತಿ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಜನವೂ ಆಗಲೇ ಜಾಸ್ತಿ. ವಾರದ ಮಧ್ಯೆ, ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದ ಹಾಗೆ ಒಳಗೆ ಹೋಗಿಬಿಡಿ. ಪರಿಮಳ ಗೊತ್ತಾಗುವುದೂ ಆ ಹೊತ್ತಿನಲ್ಲೇ.

ಎಲ್ಕ್ ಹಿಲ್‌ನ ಇಳಿಜಾರಿನಲ್ಲಿರುವ ಈ ತೋಟ ಶುರುವಾಗಿದ್ದು 1995ರಲ್ಲಿ, ಊಟಿಯ ಫಲಪುಷ್ಪ ಪ್ರದರ್ಶನದ ನೂರನೇ ವರ್ಷದ ನೆನಪಿಗೆ. 2006ರಲ್ಲಿ ವಿಶ್ವ ಗುಲಾಬಿ ಸಂಘಗಳ ಒಕ್ಕೂಟ ಇದಕ್ಕೆ ಶ್ರೇಷ್ಠ ತೋಟದ ಪ್ರಶಸ್ತಿ ಕೊಟ್ಟಿತು. ಆದರೆ ಇಲ್ಲಿ ಹೆಚ್ಚಾಗಿ ಕಾಣುವುದು ಹೈಬ್ರಿಡ್ ಟೀ, ಫ್ಲೋರಿಬಂಡಾದಂಥ ಹೊಸ ಗುಲಾಬಿಗಳೇ. ಮೊದಲ ಹೈಬ್ರಿಡ್ ಟೀ ಅನ್ನಿಸಿಕೊಂಡ ‘ಲಾ ಫ್ರಾನ್ಸ್’ ಬಂದಿದ್ದು 1867ರಲ್ಲಿ. ಅದಕ್ಕೂ ಮೊದಲೇ ಇದ್ದ ವರ್ಗಗಳನ್ನು ಹಳೆ ಗುಲಾಬಿ ಅಂತ ಕರೆಯುತ್ತಾರೆ. ತೋಟದಲ್ಲಿ ಹಸಿರು ಗುಲಾಬಿ ಎಲ್ಲಿದೆ ಅಂತ ಮಾಲಿಗಳನ್ನು ಕೇಳಿ ನೋಡಿ. ಅದು ಹಳೇ ಚೀನಾ ಗುಲಾಬಿಯ ಒಂದು ವಿಚಿತ್ರ ರೂಪ. ಎಸಳು ಇರಬೇಕಾದಲ್ಲಿ ಅಂಚು ಗರಗಸದಂತಿರುವ ಸಣ್ಣ ಹಸಿರು ಎಲೆಗಳು. ಹತ್ತಿರ ಹಿಡಿದರೆ ಕಾಳುಮೆಣಸಿನ ಘಾಟು. ಬಹಳ ಜನ ಅದನ್ನು ಮೊಗ್ಗು ಅಂದುಕೊಂಡು ಮುಂದೆ ಹೋಗುತ್ತಾರೆ, ಬೇಜಾರಾಗುತ್ತೆ.

ನಿಜವಾದ ಹುಡುಕಾಟ ತೋಟದ ಹೊರಗಿದೆ. ಕೇತಿ, ಕೋಟಗಿರಿ ಕಡೆ ನೀಲಗಿರಿಯ ಬಡಗ ಸಮುದಾಯದವರ ಹಟ್ಟಿಗಳಿಗೆ (ಊರುಗಳಿಗೆ) ಹೋಗಿ. ಬಡಗ ಮಾತು ಕನ್ನಡಕ್ಕೆ ಹತ್ತಿರವಾದ್ದರಿಂದ ನಿಧಾನವಾಗಿ ಮಾತಾಡಿದರೆ ಇಬ್ಬರಿಗೂ ತಿಳಿಯುತ್ತದೆ. ಒಂದು ಮನೆಯ ಬೇಲಿಯಲ್ಲಿ ಗುಲಾಬಿ ಬಣ್ಣದ ಹೂವಿನ ದೊಡ್ಡ ಪೊದೆ ಇತ್ತು. ಒತ್ತೊತ್ತಾದ ಎಸಳು, ಬಟ್ಟಲಿನಂಥ ಆಕಾರ, ಮೂಗು ತುಂಬುವ ಪರಿಮಳ. ‘ಇದ್ಯಾರು ನೆಟ್ಟಿದ್ದು ಅಕ್ಕಾ?’ ಅಂತ ಕೇಳಿದೆವು. ಅತ್ತೆಯ ಕಾಲದ್ದು, ಅವರು ಹಿಂದೆ ಕೂನೂರಿನ ಬಂಗಲೆಯೊಂದರಿಂದ ಕಡ್ಡಿ ತಂದಿದ್ದರು ಅಂದರು. ನಮಗೆ ಅದು ಎಡ್ವರ್ಡ್ ಗುಲಾಬಿಯ ಹಾಗೆ ಕಂಡಿತು.

ಎಡ್ವರ್ಡ್‌ನ ಕತೆ ತಿಳಿದಿದ್ದರೆ ಆ ಬೇಲಿ ಮುಂದಿನಿಂದ ಕಾಲು ಕೀಳೋಕೆ ಮನಸ್ಸಾಗಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಆಗ ಬೂರ್ಬೋ ಅಂತ ಹೆಸರು. ಅಲ್ಲಿನ ಹೊಲದ ಬೇಲಿಗಳಲ್ಲಿ ಡಮಾಸ್ಕ್ ಗುಲಾಬಿ, ಚೀನಾ ಗುಲಾಬಿ ಜೊತೆಜೊತೆಗೆ ಇರುತ್ತಿದ್ದವು. ಅವೆರಡೂ ಬೆರೆತು ಹುಟ್ಟಿದ್ದೇ ಇದು. 1819ರ ಸುಮಾರಿಗೆ ಇದರ ಬೀಜ ಪ್ಯಾರಿಸ್ ಸೇರಿ, ಬೂರ್ಬೋ ಗುಲಾಬಿಗಳ ವಂಶವೇ ಶುರುವಾಯಿತು. ನಮ್ಮ ದೇಶದಲ್ಲಿ ಎಡ್ವರ್ಡನ್ನು ಹಾರದ ಹೂವಿಗೂ ಬೆಳೆದರು, ಕಸಿ ಕಟ್ಟಲು ಬೇರುಗಿಡವಾಗಿಯೂ ಬಳಸಿದರು. ಮೇಲಿನ ಕಸಿ ಸತ್ತಾಗ ಕೆಳಗಿನ ಬುಡ ಚಿಗುರಿ ತಾನೇ ಗಿಡವಾಗುತ್ತದೆ. ಹಾಗಾಗಿ ಹಳೆ ಬಂಗಲೆಯ ಗುಲಾಬಿ ಸಿಕ್ಕರೆ, ಅದು ಯಜಮಾನರು ತರಿಸಿ ನೆಟ್ಟಿದ್ದೋ, ಬುಡದಿಂದ ಎದ್ದು ಬಂದದ್ದೋ ಅಂತ ಮೊದಲು ನೋಡಬೇಕು.

ಗುರುತಿಗೆ ಹೂವಿನ ಫೋಟೋ ಒಂದೇ ಸಾಲದು. ಎಲೆತೊಟ್ಟಿನ ಬುಡ, ಎಲೆಯ ಹಿಂಭಾಗ, ಮುಳ್ಳು, ಕಾಯಿ ಎಲ್ಲ ತೆಗೆಯಿರಿ. ತೊಟ್ಟಿನ ಬುಡದಲ್ಲಿ ಕುಚ್ಚಿನ ಹಾಗೆ ಸೀಳಿದ ಅಂಚಿದ್ದರೆ ಗೊಂಚಲು ಗೊಂಚಲಾಗಿ ಹೂ ಬಿಡುವ ಮಲ್ಟಿಫ್ಲೋರಾ ಎಂಬ ಕಾಡುಗುಲಾಬಿಯ ರಕ್ತ ಇದೆ ಅಂತ ಲೆಕ್ಕ. ನುಣುಪಾದ ಕಾಂಡ, ಕಡಿಮೆ ಮುಳ್ಳು, ಚೂಪು ತುದಿಯ ಎಲೆ ಇದ್ದರೆ ಚೀನಾ ಕಡೆಯದು. ಮನೆಯವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಯಾರು ಕೊಟ್ಟರು, ಯಾವ ಊರಿನಿಂದ ಬಂತು ಅನ್ನುವುದು ಗಿಡಕ್ಕಿಂತ ಬೇಗ ಕಳೆದುಹೋಗುತ್ತದೆ.

ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚ್‌ಗೂ, ಅದರ ಸಮಾಧಿ ತೋಟಕ್ಕೂ ಹೋಗಿ. ಚರ್ಚ್ ಕಟ್ಟಲು ಬಳಸಿದ ಮರ ಶ್ರೀರಂಗಪಟ್ಟಣದ ಟಿಪ್ಪು ಅರಮನೆಯಿಂದ ಬಂದದ್ದು. ಹಳೆ ಗುಲಾಬಿ ಹುಡುಕುವವರು ಎಲ್ಲ ದೇಶದಲ್ಲೂ ಸಮಾಧಿ ತೋಟಗಳನ್ನು ನೋಡುತ್ತಾರೆ. ಅಲ್ಲಿನ ಗಿಡಗಳನ್ನು ಯಾರೂ ಕಿತ್ತು ಹೊಸದು ನೆಡುವುದಿಲ್ಲ ಅಲ್ವಾ. ನೋಡಿ, ಮುಟ್ಟಬೇಡಿ. ಶೋಲಾ ಅನ್ನುವ ಬೆಟ್ಟದ ಕಣಿವೆ ಕಾಡಿನ ಅಂಚಲ್ಲಿ ಹಬ್ಬಿರುವ ಬಿಳಿ ಕಾಡುಗುಲಾಬಿಗೂ ಅದೇ ಮಾತು. ಅದು ಪಶ್ಚಿಮ ಘಟ್ಟದ್ದೇ ಗಿಡ, ಲೆಶೆನೋ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರು ಅದಕ್ಕಿದೆ.

ಮನೆಯವರು ಒಪ್ಪಿದರೆ ಕಡ್ಡಿ ತನ್ನಿ. ಹೂ ಮುಗಿದ, ಪೆನ್ಸಿಲ್ ದಪ್ಪದ ಕೊಂಬೆ, ಮೂರು ನಾಲ್ಕು ಗೆಣ್ಣು ಇರಲಿ. ಒದ್ದೆ ಪೇಪರ್ ಸುತ್ತಿ, ಹೆಸರು ಬರೆದು, ಬಿಸಿಲು ಬೀಳದ ಚೀಲದಲ್ಲಿಡಿ. ಮನೆಗೆ ಬಂದ ತಕ್ಷಣ ಮರಳು, ಕೋಕೋಪೀಟ್ ಬೆರೆಸಿ ನೆರಳಲ್ಲಿ ನೆಡಿ. ಬೇರು ಬಂತಾ ಅಂತ ಎಳೆದು ನೋಡಬೇಡಿ. ಚೀನಾ, ಟೀ, ಬೂರ್ಬೋ ಜಾತಿಗಳು ಮೈಸೂರು, ಬೆಂಗಳೂರಲ್ಲಿ ಚೆನ್ನಾಗಿ ಬರುತ್ತವೆ. ಯೂರೋಪಿನ ಗ್ಯಾಲಿಕಾ, ಆಲ್ಬಾ ಎಂಬ ಹಳೆ ಗುಲಾಬಿಗಳಿಗೆ ಗಟ್ಟಿ ಚಳಿ ಬೇಕು, ನಮ್ಮಲ್ಲಿ ಅವುಗಳ ಮೇಲೆ ದುಡ್ಡು ಹಾಕಬೇಡಿ. ಹೈಬ್ರಿಡ್ ಟೀಯನ್ನು ಸವರಿದಷ್ಟು ಹಳೆ ಗುಲಾಬಿಗಳನ್ನು ಸವರಬೇಡಿ. ಒಣಗಿದ್ದು, ತೀರಾ ಸಣಕಲಾದದ್ದು ತೆಗೆದರೆ ಸಾಕು. ಬೇರು ಬಿಟ್ಟ ಮೇಲೆ ಒಂದು ಗಿಡವನ್ನು ಬೇರೆ ಯಾರಿಗಾದರೂ ಕೊಡಿ, ಎಲ್ಲಿಂದ ಬಂತು ಅನ್ನುವ ಚೀಟಿಯ ಸಮೇತ.