ಕಗ್ಗಲಡು ಅಜ್ಜಿ ಕೇಳಿದ ಪ್ರಶ್ನೆ

ತುಮಕೂರಿನಲ್ಲಿ ನಾವು ಏಳೆಂಟು ಜನ ಹಕ್ಕಿ ನೋಡುವವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಮಾರ್ಚ್‌ನ ಒಂದು ಭಾನುವಾರ ವರ್ಷದ ಕೆಲಸ ಏನೇನು ಅಂತ ಮಾತಾಡಿಕೊಳ್ಳಬೇಕಿತ್ತು. ರೂಮಿನಲ್ಲಿ ಕೂರೋ ಬದಲು ಕಗ್ಗಲಡುವಿಗೇ ಹೋಗೋಣ ಅಂದೆ. ಎಲ್ಲರೂ ಹೂಂ ಅಂದರು.

ಶಿರಾ ತಾಲ್ಲೂಕಿನ ಈ ಊರಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಜೊತೆಗೆ ಬೂದು ಬಕಗಳೂ ಇರುತ್ತವೆ. ಇದು ಕಾಡಲ್ಲ, ಮನೆಗಳ ಮಗ್ಗುಲಲ್ಲೇ ಇರುವ ಮರಗಳು. ಹಿಕ್ಕೆ ಅಂಗಳಕ್ಕೆ ಬೀಳುತ್ತದೆ, ವಾಸನೆ ಬರುತ್ತದೆ. ಆದರೂ ಊರಿನವರು ಇವುಗಳನ್ನು ಓಡಿಸಿಲ್ಲ, ಕಾಪಾಡಿಕೊಂಡು ಬಂದಿದ್ದಾರೆ. ನನಗೆ ಇದಕ್ಕಿಂತ ದೊಡ್ಡ ಪಕ್ಷಿಧಾಮ ಬೇರೆ ಕಾಣುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಪಟ್ಟಿ ಆಗಲೇ ಸಿದ್ಧವಿತ್ತು. ನೂರು ಸಸಿ, ಊರಿನ ಶಾಲೆಯಲ್ಲಿ ಒಂದು ಸ್ಲೈಡ್ ಶೋ, ಒಂದು ಬೋರ್ಡು.

ಬಿಸಿಲು ಏರಿತ್ತು. ತಲೆ ಮೇಲಿನ ಗೂಡಿನಲ್ಲಿ ಒಂದು ಕೊಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು, ರೆಕ್ಕೆ ಅಗಲಿಸಿ ನಿಂತಿತ್ತು. ಆ ನೆರಳಲ್ಲಿ ಮೂರು ಮರಿ. ಸ್ವಲ್ಪ ಹೊತ್ತಿಗೆ ಅದರ ಜೋಡಿ ಬಂದಿಳಿಯಿತು, ಕತ್ತು ಬಗ್ಗಿಸಿ ಗೂಡಿನೊಳಕ್ಕೆ ಮೀನು ಕಕ್ಕಿತು. ಒಂದು ಮೀನು ಕೊಂಬೆಗೆ ತಗುಲಿ ನನ್ನ ಕಾಲ ಹತ್ತಿರ ಬಿತ್ತು. ಬೆರಳುದ್ದದ್ದು, ಇನ್ನೂ ಒದ್ದೆ.

ಅಂಗಳ ಗುಡಿಸುತ್ತಿದ್ದ ಅಜ್ಜಿ ಪೊರಕೆ ನಿಲ್ಲಿಸಿದರು. "ಸಸಿ ನೆಡ್ತೀವಿ ಅಜ್ಜಿ" ಅಂದೆ.

"ಮರ ನಾವು ನೋಡ್ಕಂತೀವಿ ಕಣವ್ವ. ಈ ಮೀನು ಎಲ್ಲಿಂದ ತತ್ತವೆ, ಅದ ನೋಡಿದ್ಯಾ?"

ಇಲ್ಲ, ನೋಡಿರಲಿಲ್ಲ.

ಬಣ್ಣದ ಕೊಕ್ಕರೆ ಮೀನು ಹಿಡಿಯೋದು ಕಣ್ಣಿಂದ ಅಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಮುಳುಗಿಸಿ ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತದೆ. ಮೀನು ತಾಗಿದ ಕೂಡಲೇ ಪಟ್ಟನೆ ಮುಚ್ಚುತ್ತದೆ. ಅದಕ್ಕೆ ಕಾಲೂರಿ ನಡೆಯುವಷ್ಟು ಕಡಿಮೆ ನೀರು ಬೇಕು. ನಾವು ಕೆರೆಯ ಹೂಳೆತ್ತುವಾಗ ಮಾಡೋದೇನು? ಜೆಸಿಬಿ ಇಳಿಸಿ ದಡದ ಪಕ್ಕದಲ್ಲೇ ಗೋಡೆ ಥರ ಕಡಿದು ಆಳ ಮಾಡುತ್ತೇವೆ. ನೀರು ಜಾಸ್ತಿ ನಿಲ್ಲುತ್ತದೆ, ನಿಜ. ಆದರೆ ಕೊಕ್ಕರೆಗೆ ಕಾಲಿಡಲು ಜಾಗ ಉಳಿಯುವುದಿಲ್ಲ. ಹಾಗೆ ಕಡಿದ ಒಂದು ಕೆರೆಯ ಫೋಟೋವನ್ನು ಹಿಂದಿನ ವರ್ಷ ನಾನೇ ಖುಷಿಯಿಂದ ಎಲ್ಲರಿಗೂ ಕಳಿಸಿದ್ದೆ. ಮರದ ಕೆಳಗೆ ಅದು ನೆನಪಾಗಿ ಹೊಟ್ಟೆಯೊಳಗೆ ಸಂಕಟವಾಯಿತು.

ಅಜ್ಜಿಯ ಮೊಮ್ಮಗ ಯಾವ ಗೂಡಲ್ಲಿ ಎಷ್ಟು ಮರಿ ಅಂತ ಬೆರಳು ತೋರಿಸಿ ಹೇಳುತ್ತಾ ಹೋದ. ಇವನಿಗೆ ಸ್ಲೈಡ್ ಶೋ ಯಾಕೆ? ಪಾಠ ಬೇಕಿರೋದು ಸುತ್ತಲಿನ ಕೆರೆ ಊರುಗಳ ಮಕ್ಕಳಿಗೆ. ತಮ್ಮ ಕೆರೆಯ ಮೀನು ಕಗ್ಗಲಡುವಿನ ಮರಿಯ ಹೊಟ್ಟೆ ಸೇರುತ್ತದೆ ಅಂತ ಅವರಿಗೆ ಯಾರು ಹೇಳಿದ್ದಾರೆ? ಇವನನ್ನೇ ಕರೆದುಕೊಂಡು ಹೋಗಿ ಹೇಳಿಸೋಣ ಅಂತ ತೀರ್ಮಾನವಾಯಿತು. ಹೂಳೆತ್ತುವ ಮುಂಚೆಯೇ ಪಂಚಾಯಿತಿಗೆ ಹೋಗಿ, ಕೆರೆಯ ಒಂದು ಮಗ್ಗುಲನ್ನಾದರೂ ಇಳಿಜಾರಾಗಿ ಬಿಡಿ ಅಂತ ಕೇಳುವುದು ಎರಡನೇ ಕೆಲಸ.

ಪಟ್ಟಿಯಲ್ಲಿದ್ದ ಸಸಿಯ ಸಾಲನ್ನು ಹೊಡೆದು ಹಾಕಿದೆ. ವಾಪಸ್ ಬರುವಾಗ ದಾರಿಯ ಒಂದು ಕೆರೆಯಲ್ಲಿ ಇಳಿದು, ಉದ್ದನೆ ಕೋಲು ಹಿಡಿದು ದಡದಿಂದ ಒಂದೊಂದೇ ಹೆಜ್ಜೆಗೆ ನೀರು ಎಷ್ಟಿದೆ ಅಂತ ಅಳೆದು ಬರೆದುಕೊಂಡೆವು. ಎಂಟನೇ ಹೆಜ್ಜೆಗೂ ನೀರು ಮೊಣಕಾಲಿನ ಕೆಳಗೇ ಇತ್ತು.