‘ಏನಾದರೂ ಮಾಡುತ್ತೀರಾ?’ ಎನ್ನುವವರಿಗೆ

ಮುಂಬಯಿಯಲ್ಲಿ ನಮ್ಮವರ ಮದುವೆಗೆ ಹೋಗಲಿ, ಸಂಘದ ಸಭೆಗೆ ಹೋಗಲಿ, ನಾನು ಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಗುಮಾಸ್ತನೆಂದು ತಿಳಿದೊಡನೆ ಬರುವ ಪ್ರಶ್ನೆ ಒಂದೇ: “ನೀವೆಲ್ಲ ಅಲ್ಲಿ ದಿನವಿಡೀ ಏನಾದರೂ ಮಾಡುತ್ತೀರಾ?” ‘ಏನು ಮಾಡುತ್ತೀರಿ’ ಎಂದಿದ್ದರೆ ಅದು ಪ್ರಶ್ನೆಯಾಗುತ್ತಿತ್ತು, ‘ಆದರೂ’ ಸೇರಿದ ಮೇಲೆ ಅದು ತೀರ್ಪು. ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ, ಇನ್ನು ಸಾಧ್ಯವಿಲ್ಲ.

ಮಾಡುತ್ತೇವೆ. ಬಂದ ಅರ್ಜಿಗೆ ಆವಕ ಕ್ರಮಾಂಕ ಹಾಕುತ್ತೇವೆ, ಕಡತಕ್ಕೆ ಪುಟಸಂಖ್ಯೆ ಬರೆಯುತ್ತೇವೆ, ಸಾಹೇಬರು ಸಹಿ ಮಾಡುವ ಟಿಪ್ಪಣಿಯನ್ನು ಮರಾಠಿಯಲ್ಲಿ ಸಿದ್ಧಪಡಿಸುತ್ತೇವೆ, 2005ರ ಮಾಹಿತಿ ಹಕ್ಕು ಕಾಯಿದೆಯಡಿ ಬಂದ ಅರ್ಜಿಗಳ 30 ದಿನಗಳ ಗಡುವನ್ನು ಬೆರಳೆಣಿಸುತ್ತ ಕೂರುತ್ತೇವೆ. ಈಚೆಗೆ ‘ಲಿಪಿಕ’ ಎಂಬ ಪದನಾಮ ಹೋಗಿ ‘ಕಾರ್ಯಕಾರಿ ಸಹಾಯಕ’ ಎಂದಾಗಿದೆ. ಕುರ್ಚಿ ಮಾತ್ರ ಹಳೆಯದೇ.

ಕಳೆದ ವರ್ಷ ಮಾಟುಂಗದ ಮದುವೆಯೊಂದರಲ್ಲಿ, ದೂರದ ಸಂಬಂಧದ ಮಾವನೊಬ್ಬರು ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಲೇ ಇಡೀ ಪಂಕ್ತಿಗೆ ಕೇಳುವಂತೆ ಇದೇ ಪ್ರಶ್ನೆ ಎಸೆದರು. ಕೈ ತೊಳೆದು ಬಂದವರೇ ಜೇಬಿನಿಂದ ಮೊಮ್ಮಗನ ಜನನ ಪ್ರಮಾಣಪತ್ರದ ಜೆರಾಕ್ಸ್ ತೆಗೆದರು. ಇಂಗ್ಲಿಷಿನಲ್ಲಿ ‘ಶೆಟ್ಟಿ’ಯ ಕೊನೆಗೆ ವೈ ಇರಬೇಕಾದಲ್ಲಿ ಐ ಇತ್ತು. ಆಸ್ಪತ್ರೆಯಲ್ಲಿ ಫಾರಂ ತುಂಬಿದವರು ಅವರೇ.

“ಅಳಿಸಿ ಬರೆದುಬಿಡು, ಹೇಗೂ ನೀನು ಅಲ್ಲೇ ಇದ್ದೀಯಲ್ಲ!”

1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮೂಲ ನಮೂದನ್ನು ಯಾರೂ ಮುಟ್ಟುವಂತಿಲ್ಲ, ಪುರಾವೆ ನೋಡಿ ರಿಜಿಸ್ಟ್ರಾರರು ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ, ದಿನಾಂಕ ಹಾಕಬೇಕು, ಅದಕ್ಕೆ ನೀವು ಅರ್ಜಿ ಕೊಡಬೇಕು ಎಂದು ವಿವರಿಸಿದೆ. “ಅಂದರೆ ನೀವು ಏನೂ ಮಾಡುವುದಿಲ್ಲ,” ಎಂದರು. ದಾಖಲೆಯನ್ನು ಕೆರೆದು ತಿದ್ದಿದ್ದರೆ ಮಾತ್ರ ನಾನು ಕೆಲಸಗಾರ!

ನನ್ನನ್ನು ಯಾರಾದರೂ ಬೇರೆಯದೊಂದನ್ನು ಕೇಳಬಾರದೇ? ಮನೆಯಲ್ಲಿ ಕನ್ನಡ, ಕಡತದಲ್ಲಿ ಮರಾಠಿ, ಇದು ಹೇಗೆ ನಡೆಯುತ್ತದೆ ಎಂದು? ಮರಾಠಿಯ ದೇವನಾಗರಿಯಲ್ಲಿ ನಮ್ಮ ಹ್ರಸ್ವ ಎ, ಒ ಇಲ್ಲ; ಆದ್ದರಿಂದ ಹೆಗಡೆಯವರು ಬರಹದಲ್ಲಿ ‘ಹೇಗಡೇ’, ಕೊಪ್ಪದವರು ‘ಕೋಪ್ಪ’ದವರು. ಮರಾಠಿಯಲ್ಲಿ ‘ಅಭ್ಯಾಸ’ವೆಂದರೆ ಓದು, ನನ್ನ ಮೊದಲ ಟಿಪ್ಪಣಿಯೊಂದರಲ್ಲಿ ಅದನ್ನು ರೂಢಿ ಎಂಬರ್ಥದಲ್ಲಿ ಬಳಸಿ, ಹಿರಿಯ ಸಹೋದ್ಯೋಗಿಯ ಕೆಂಪು ಗೆರೆ ತಿಂದಿದ್ದೆ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವ ಪದ ‘ಖಾಲಿ’: ನಮಗದು ಬರಿದು, ಮರಾಠಿಗರಿಗೆ ‘ಕೆಳಗೆ’.

ಮುಂದಿನ ಸೋಮವಾರ ಮಾವ ಅರ್ಜಿ ಹಿಡಿದು ನಮ್ಮ ಕಿಟಕಿಗೇ ಬಂದರು. ಎಲ್ಲ ತುಂಬಿದ್ದರು, ಪಾಸ್‌ಪೋರ್ಟಿನ ಪ್ರತಿಯನ್ನೂ ಲಗತ್ತಿಸಿದ್ದರು. ‘ಖಾಲಿ ಸಹೀ ಕರಾವೀ’ ಎಂಬ ಸಾಲಿನ ಕೆಳಗಿನ ಜಾಗವನ್ನು ಮಾತ್ರ ಬಹಳ ಶ್ರದ್ಧೆಯಿಂದ ಖಾಲಿ ಬಿಟ್ಟಿದ್ದರು. ಬೆರಳಿಟ್ಟು ತೋರಿಸಿದೆ, ಪೆನ್ನು ಕೊಟ್ಟೆ, ಸಹಿ ಮಾಡಿದರು. ಆವಕ ಕ್ರಮಾಂಕ ಹಾಕಿ ಪೋಚ್‌ಪಾವತಿ, ಅಂದರೆ ಅರ್ಜಿ ತಲುಪಿದ ರಸೀದಿ, ಕೊಟ್ಟೆ.