ಬೆಳಿಗ್ಗೆ ನಾಯಿ, ಸಂಜೆ ಬೆಕ್ಕು

"ಬೆಳಿಗ್ಗೆ ನಾಯಿ, ಸಂಜೆ ಬೆಕ್ಕು. ಇಷ್ಟಕ್ಕೆ ಬೆಂಗಳೂರಿನಿಂದ ಬರಬೇಕಿತ್ತೇ?"

ಮಂಗಳವಾರ ಸಂಜೆ ಕೊಡಗಿನ ನಮ್ಮ ಕಾಫಿ ತೋಟದ ಕಣದ ಅಂಚಿನಲ್ಲಿ ನಿಂತು ಅತಿಥಿಯೊಬ್ಬರು ಹೇಳಿದ ಮಾತಿದು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು. ಕಾಫಿ ಹಣ್ಣು ತೂಗುವಾಗ, ಕೂಲಿ ಬಟವಾಡೆಯ ಲೆಕ್ಕ ಬರೆಯುವಾಗ, ರಾತ್ರಿ ದೀಪ ಆರಿಸಿದ ಮೇಲೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಮನುಷ್ಯ ಒಳ್ಳೆಯವರು. ಮೂಟೆ ಹೊತ್ತು ಬಂದ ಹೆಂಗಸರಿಗೆ ತಾವೇ ಎದ್ದು ಹೋಗಿ ಕೈಕೊಟ್ಟು ಇಳಿಸಿದರು. ಅಕ್ಕಿತರಿಯ ಉಂಡೆ ಕಡಂಬುಟ್ಟು ಮಾಡಿದ್ದು ಯಾರೆಂದು ಕೇಳಿ ಅಡುಗೆಮನೆಗೇ ಹೋಗಿ ಮೆಚ್ಚಿಗೆ ಹೇಳಿದರು. ಅಂಥವರ ಬಾಯಿಂದ ಬಂದದ್ದಕ್ಕೇ ನನಗೆ ಆ ಮಾತು ಹೆಚ್ಚು ನಾಟಿತು.

ಅವರು ಬೆಳಿಗ್ಗೆ ಕಂಡ 'ನಾಯಿ' ಸೀಳುನಾಯಿ. ನಾಣಚ್ಚಿ ಗೇಟಿನಿಂದ ನಾಗರಹೊಳೆ ಸಫಾರಿಗೆ ಹೋದವರಿಗೆ ದಾರಿ ಬದಿಯಲ್ಲೇ ಒಂದು ಹಿಂಡು ಸಿಕ್ಕಿದೆ. ಅವರ ಕ್ಯಾಮೆರಾದಲ್ಲಿ ನೋಡಿದೆ: ಕೆಂಪು ಮೈ, ಕಪ್ಪು ಪೊದೆಬಾಲ, ಎಳೆಬಿಸಿಲಿನಲ್ಲಿ ಒಂದರ ಮೇಲೊಂದು ಉರುಳಾಡುತ್ತಿರುವ ಮರಿಗಳು. ಇವು ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಬೇಟೆ ಬಿದ್ದ ಮೇಲೆ ಮರಿಗಳನ್ನು ಮೊದಲು ತಿನ್ನಲು ಬಿಡುತ್ತವೆ. ಬ್ರಿಟಿಷರ ಕಾಲದಲ್ಲಿ ಇವನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಇಂದು ಇಡೀ ಜಗತ್ತಿನಲ್ಲಿ ಉಳಿದಿರುವ ಪ್ರಾಯದ ಸೀಳುನಾಯಿಗಳು ಹುಲಿಗಳಿಗಿಂತ ಕಡಿಮೆ. ಜೀಪಿನಲ್ಲಿದ್ದವರೆಲ್ಲ ಹುಲಿಯ ಹೆಜ್ಜೆ ಕಂಡ ಕಡೆಗೆ ಬೇಗ ಹೋಗೋಣವೆಂದು ಅವಸರಪಡಿಸಿದರಂತೆ.

ಇನ್ನು ಸಂಜೆಯ ಬೆಕ್ಕು. ಹಣ್ಣು ಹರಡಿ ಮುಗಿದು ಆಳುಗಳು ಲೈನ್ ಮನೆಗಳತ್ತ ಹೊರಟಿದ್ದರು. ಕೊಲ್ಲಿಯ, ಅಂದರೆ ತಗ್ಗಿನ ಹಳ್ಳದ, ಕಡೆಯಿಂದ ಮಂಜು ಏರುತ್ತಿತ್ತು. ಕಣದ ಕಲ್ಲುಕಟ್ಟೆಯ ಮೇಲೆ ಅದು ಯಾವಾಗ ಬಂದು ನಿಂತಿತೋ ಯಾರೂ ನೋಡಲಿಲ್ಲ. ಮನೆಬೆಕ್ಕಿನಷ್ಟೇ ಗಾತ್ರ, ಕಾಲು ಮಾತ್ರ ಉದ್ದ. ಮೈತುಂಬ ಕಪ್ಪು ಚುಕ್ಕೆ, ಕಣ್ಣಿನ ಒಳಮೂಲೆಯಿಂದ ಹಣೆಗೆ ಏರಿದ ಎರಡು ಬಿಳಿ ಗೆರೆ. ತಲೆ ಹೊರಳಿಸಿದಾಗ ಕಿವಿಯ ಹಿಂಬದಿಯ ಬಿಳಿಮಚ್ಚೆಯೂ ಕಂಡಿತು. ಚಿರತೆ ಬೆಕ್ಕು! ನಮ್ಮದೇ ತೋಟದಲ್ಲಿ ಅದರ ಹೆಜ್ಜೆಯನ್ನು ಕೆಸರಿನಲ್ಲಿ ನೋಡಿದ್ದೆನೇ ಹೊರತು, ಮುಖಾಮುಖಿಯಾಗಿ, ಇಷ್ಟು ಹತ್ತಿರದಲ್ಲಿ, ಇನ್ನೂ ಬೆಳಕಿರುವಾಗ ಕಂಡವನಲ್ಲ. ನನ್ನ ಉಸಿರೇ ನಿಂತಂತಾಯಿತು. ಅದು ಭತ್ತದ ಕೋಣೆಯತ್ತ ಕಿವಿ ನಿಮಿರಿಸಿತು, ಅಲ್ಲಿ ಇಲಿಗಳ ಸದ್ದು ಕೇಳಿರಬೇಕು. ಮರುಕ್ಷಣ ಕಟ್ಟೆ ಇಳಿದು ಕಾಫಿ ಗಿಡಗಳ ಬುಡದಲ್ಲಿ ಮರೆಯಾಯಿತು. ಅತಿಥಿಗಳು ಕ್ಯಾಮೆರಾ ಎತ್ತಲೇ ಇಲ್ಲ. ಆಗ ಬಂದದ್ದು ಆ ಮಾತು.

ಬೆಳಿಗ್ಗೆ ನಾಯಿ, ಸಂಜೆ ಬೆಕ್ಕು.

ನಾನು ವಿವರಿಸಲು ಹೋದೆ. ಹುಲಿಗೆ ವನ್ಯಜೀವಿ ಕಾಯ್ದೆಯ ಅನುಸೂಚಿ 1ರಲ್ಲಿ ಇರುವ ರಕ್ಷಣೆಯೇ ಇದಕ್ಕೂ ಇದೆ ಎಂದೆ. ಪಕ್ಕದ ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದಲೇ ಒಂದೊಂದು ಹುಲಿಯನ್ನೂ ಗುರುತಿಸಿದ್ದನ್ನು ಹೇಳಿದೆ. ಈ ಬೆಕ್ಕಿನ ಚುಕ್ಕೆಗಳೂ ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲ, ಭದ್ರಾ ಮತ್ತು ಬಿಳಿಗಿರಿಯ ಕಾಡುಗಳಲ್ಲಿ ಚುಕ್ಕೆ ನೋಡಿಯೇ ಇವನ್ನು ಎಣಿಸಿದ್ದಾರೆ ಎಂದೆ. ಅವರು ಸೌಜನ್ಯದಿಂದ ಕೇಳಿಸಿಕೊಂಡು, ಪುನುಗಿನ ಬೆಕ್ಕು ತಿಂದು ಹಾಕಿದ ಕಾಫಿ ಇಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ಪುನುಗು ಬೆಕ್ಕಿನ ಜಾತಿಯೇ ಅಲ್ಲ. ನಮ್ಮ ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ಇಲ್ಲದ ಕಂದು ಪುನುಗು ರಾತ್ರಿಯೆಲ್ಲ ಹಣ್ಣು ತಿಂದು ಕಾಡಿನ ಬೀಜಗಳನ್ನು ದೂರದೂರಕ್ಕೆ ಹರಡುತ್ತದೆ. ಆ ಕಾಫಿಗಾಗಿ ಇಂಡೋನೇಷ್ಯಾದಲ್ಲಿ ಪುನುಗುಗಳನ್ನು ಪಂಜರದಲ್ಲಿ ಕೂಡಿಹಾಕಿ ಹಣ್ಣು ತಿನ್ನಿಸುತ್ತಾರೆ. ಇದನ್ನೆಲ್ಲ ಹೇಳುವಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ.

ಅವರು ಒಳಗೆ ಹೋದ ಮೇಲೆ, ಅಷ್ಟು ಹೊತ್ತೂ ಕಣದ ಮೂಲೆಯಲ್ಲಿ ಗೋಣಿಚೀಲ ಮಡಿಸುತ್ತಿದ್ದ ಇಲ್ಲಿನ ಬುಡಕಟ್ಟಿನವರಾದ ಯರವರ ಹಿರಿಯರೊಬ್ಬರು ಹತ್ತಿರ ಬಂದರು. ನಾನು ಹುಟ್ಟುವ ಮೊದಲಿನಿಂದ ಈ ತೋಟವನ್ನು ಬಲ್ಲವರು, ಕೇಳದೆ ಮಾತನಾಡುವವರಲ್ಲ.

"ಅಯ್ಯ, ಅದು ಕೊಲ್ಲಿಯ ಹತ್ತಿರದ ಗೋಣಿಮರದ್ದು. ಮಳೆಗಾಲಕ್ಕೆ ಮೊದಲು ಅದರ ಪೊಟರೆಯಲ್ಲಿ ಎರಡು ಮರಿ ಇದ್ದವು. ಯಾರಿಗಾದರೂ ಹೇಳಿದರೆ ಹಿಡಿಯಲು ಬರುತ್ತಾರೆಂದು ಹೇಳಲಿಲ್ಲ."

ಆ ಗೋಣಿಮರವನ್ನು ಕಡಿಸಬೇಕೆಂದು ನನ್ನ ತಮ್ಮ ಅರ್ಜಿ ಬರೆಸಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಸುಳ್ಳೇನೂ ಇಲ್ಲ. ರೋಬಸ್ಟಾಗೆ ಬಿಸಿಲು ಬೇಕು. ಗೋಣಿಯ ನೆರಳು ದಟ್ಟ. ಆ ಜಾಗದಲ್ಲಿ ಸಿಲ್ವರ್ ಓಕ್ ನೆಟ್ಟರೆ ಬೇಗ ಬೆಳೆಯುತ್ತದೆ, ನೆಟ್ಟಗಿನ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿಸಬಹುದು, ಮುಂದೆ ಕಡಿಯುವಾಗ ಅನುಮತಿಗೆ ಅಲೆಯಬೇಕಾಗಿಲ್ಲ. ಕೊಡಗಿನ ತೋಟ ತೋಟಗಳಲ್ಲಿ ಅತ್ತಿ, ಬಸರಿ, ಗೋಣಿ ಹೋಗಿ ಆಸ್ಟ್ರೇಲಿಯಾದ ಈ ಮರ ಬಂದದ್ದು ಇದೇ ಲೆಕ್ಕದಿಂದ. ಆದರೆ ಸಿಲ್ವರ್ ಓಕಿನಲ್ಲಿ ಹಾರ್ನ್‌ಬಿಲ್ ಬಂದು ತಿನ್ನುವ ಹಣ್ಣಿಲ್ಲ. ಆ ಎಳೆಯ ಕಾಂಡಗಳಲ್ಲಿ ಮರಿ ಹಾಕಲು ಪೊಟರೆಯಿಲ್ಲ. ಹಳೆಯ ಮರಗಳು ನಿಂತಿರುವವರೆಗೆ ನಮ್ಮ ತೋಟ ಬ್ರಹ್ಮಗಿರಿಯ ಕಾಡಿಗೂ ಊರ ದೇವರಕಾಡಿಗೂ ನಡುವೆ ಪ್ರಾಣಿಗಳಿಗೆ ದಾರಿ. ಆ ಮರಗಳು ಹೋದರೆ ಇದು ಕಾಫಿ ಬೆಳೆಯುವ ಬಯಲು.

ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿದೆ. ಹಂದಿ ಹಿಡಿಯಲೆಂದು ಬೇಲಿಯ ಕಂಡಿಗಳಲ್ಲಿ ಬೈಕಿನ ಕ್ಲಚ್ ತಂತಿಯ ಉರುಳು ಕಟ್ಟುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಉರುಳಿಗೆ ಹುಲಿ ಬಿದ್ದರೆ ಪಶುವೈದ್ಯರು ಬರುತ್ತಾರೆ, ಮೊಕದ್ದಮೆಯಾಗುತ್ತದೆ, ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಚಿರತೆ ಬೆಕ್ಕು ಬಿದ್ದರೆ ತಂತಿ ಬಿಡಿಸಿ ಕೊಲ್ಲಿಗೆ ಎಸೆಯುತ್ತಾರೆ. ಬೆಕ್ಕು ತಾನೇ! ಕಣದಲ್ಲಿ ನಕ್ಕು ಹೇಳಿದ ಮಾತಿಗೂ ಈ ಎಸೆತಕ್ಕೂ ನನಗೆ ಹೆಚ್ಚು ದೂರ ಕಾಣುತ್ತಿಲ್ಲ.

ಬುಧವಾರ ಬೆಳಿಗ್ಗೆ ತಮ್ಮನಿಗೆ ಹೇಳಿದೆ, ಅರ್ಜಿಗೆ ನಾನು ಸಹಿ ಹಾಕುವುದಿಲ್ಲವೆಂದು. ಖಾತೆ ಜಂಟಿ, ನನ್ನ ಸಹಿಯಿಲ್ಲದೆ ಅದು ಕಚೇರಿ ತಲುಪುವುದಿಲ್ಲ. ಪೊಟರೆಯ ವಿಷಯ ಕೇಳಿ ಅವನು ಬಹಳ ಹೊತ್ತು ನನ್ನ ಮುಖ ನೋಡಿದ.

"ಅಣ್ಣ, ಒಂದು ಬೆಕ್ಕಿಗಾಗಿಯೇ?"

ಹೌದೆಂದೆ. ಮೂಡಣ ಬದಿಯ ಎರಡು ದೊಡ್ಡ ಕೊಂಬೆ ಸವರಿಸಿದರೆ ಗಿಡಗಳಿಗೆ ಬೇಕಾದಷ್ಟು ಬಿಸಿಲು ಬೀಳುತ್ತದೆ, ಕಾಂಡಕ್ಕೆ ಕೊಡಲಿ ತಾಗಿಸುವುದು ಬೇಡ ಎಂದೆ. ಅವನು ಇನ್ನೂ ಒಪ್ಪಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಯೊಳಗೆ ತೀರ್ಮಾನವಾಗಬೇಕು ಎಂದು ಪಟ್ಟು ಹಿಡಿದಿದ್ದಾನೆ. ನಾಳೆ ಕೊಯ್ಲಿಗೆ ರಜೆ. ಆ ಹಿರಿಯರೂ ನಾನೂ ಬೇಲಿಯುದ್ದಕ್ಕೂ ನಡೆದು, ಸಿಕ್ಕಿದ ಉರುಳುಗಳನ್ನೆಲ್ಲ ಕಿತ್ತು ತರುವುದೆಂದು ಮಾತಾಗಿದೆ. ಕಟಿಂಗ್ ಪ್ಲೇಯರ್ ತರಲು ಅವರು ಈಗಲೇ ನೆನಪಿಸಿ ಹೋದರು.